ಕಿತ್ತ ಹಲ್ಲಿನ ಕುಳಿಯೂ ವ್ರತಿಯ ವಿವೇಕವೂ

ಹಲ್ಲು ಕೀಳಿಸಿಕೊಂಡವರು ಹಿಂದೆ ಕಾಯಬೇಕಾಗಿತ್ತು. ಕುಳಿ ಮಾಗಬೇಕು, ಒಸಡು ಕೂಡಬೇಕು, ಅದರಡಿಯ ಮೂಳೆ ಗಟ್ಟಿಯಾಗಬೇಕು. ಆಮೇಲೆಯೇ ಹಲ್ಲು ಕಟ್ಟಿಸುವ ಮಾತು. ಈಗ ಬೇರೊಂದು ಕ್ರಮ ಬಳಕೆಗೆ ಬಂದಿದೆ. ಹಲ್ಲು ಹೊರಬಂದ ಕುರ್ಚಿಯಲ್ಲಿಯೇ, ಮರಗಟ್ಟಿಸುವ ಮದ್ದಿನ ಪ್ರಭಾವ ಇಳಿಯುವ ಮೊದಲೇ, ಬರಿದಾದ ಕುಳಿಯೊಳಗೆ ಟೈಟೇನಿಯಂ ಲೋಹದ ತಿರುಪೊಂದನ್ನು ಕೂರಿಸಿ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಜನರು ಇದನ್ನು ಇಂಪ್ಲಾಂಟ್ ಎಂದೇ ಕರೆಯುತ್ತಾರೆ. ಕೃತಕ ದಂತಮೂಲವೆಂದರೆ ಅರ್ಥ ಇನ್ನೂ ಸ್ಪಷ್ಟವಾದೀತು. ಒಂದು ಶಸ್ತ್ರಕ್ರಿಯೆ ಉಳಿಯಿತು, ಕೆಲವು ತಿಂಗಳು ಉಳಿದವು ಎಂದು ಸಂತೋಷಪಡುವವರೇ ಹೆಚ್ಚು. ಆ ಉಳಿತಾಯದೊಡನೆ ಕಳೆದುಹೋದುದೇನು ಎಂಬುದನ್ನು ವ್ರತನಿಷ್ಠರಾದ ಗೃಹಸ್ಥರು ಒಮ್ಮೆ ವಿಚಾರ ಮಾಡಬೇಕಾಗಿದೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಸಕ್ತಿಯುಂಟು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಹಾಸನ, ತುಮಕೂರು, ಬೆಳಗಾವಿ, ದಕ್ಷಿಣ ಕನ್ನಡದ ಕಡೆಯಿಂದ ಬಂದ ದಿಗಂಬರ ಕುಟುಂಬಗಳೂ ಮಾರವಾಡ, ಗುಜರಾತುಗಳಿಂದ ಬಂದ ಶ್ವೇತಾಂಬರ ಕುಟುಂಬಗಳೂ ನೆರೆಹೊರೆಯಾಗಿ ಬಾಳುತ್ತಿವೆ. ಅದೇ ರಸ್ತೆಗಳಲ್ಲಿ ದಂತ ಚಿಕಿತ್ಸಾಲಯಗಳಿಗೂ ಕೊರತೆಯಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿದರೆ ಕುಂಬಳಗೋಡಿನಲ್ಲಿ ರಾಜರಾಜೇಶ್ವರಿ ದಂತ ಮಹಾವಿದ್ಯಾಲಯವೇ ಇದೆ. ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ, ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಹಿರಿಯರು ಈ ಕುರ್ಚಿಗಳಲ್ಲಿ ಕುಳಿತು ಬಾಯಿ ತೆರೆಯುತ್ತಾರೆ. ಅವರ ಬಾಯೊಳಗೆ ಏನೇನು ಹೋಗುತ್ತದೆ ಎಂಬುದು ಅವರಿಗೂ ತಿಳಿದಿರುವುದಿಲ್ಲ. ಅವರು ತಿಳಿಯಬಯಸಿಯಾರು ಎಂಬ ಕಲ್ಪನೆ ವೈದ್ಯರಿಗೂ ಇರುವುದಿಲ್ಲ.

ಲೋಹವು ಜೀವಂತ ಮೂಳೆಯೊಡನೆ ಬೆಸೆದುಕೊಳ್ಳಬಲ್ಲದೆಂಬುದನ್ನು ಸ್ವೀಡನ್ ದೇಶದ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಆಕಸ್ಮಿಕವಾಗಿ ಕಂಡುಕೊಂಡರು. ರಕ್ತಸಂಚಾರವನ್ನು ವೀಕ್ಷಿಸಲೆಂದು ಮೊಲಗಳ ಕಾಲಿನ ಮೂಳೆಯಲ್ಲಿ ಹುದುಗಿಸಿದ್ದ ಟೈಟೇನಿಯಂ ಸಾಧನವನ್ನು ಬಿಡಿಸಹೋದರೆ ಅದು ಬರಲೊಲ್ಲದು. ಮೂಳೆ ಅದನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಮನುಷ್ಯನ ದವಡೆಗೆ ಅದರ ಪ್ರಯೋಗವಾಯಿತು. ಬ್ರೋನೆಮಾರ್ಕರ ಕ್ರಮದಲ್ಲಿ ಅವಸರಕ್ಕೆ ಎಡೆಯಿರಲಿಲ್ಲ. ಕುಳಿ ಪೂರ್ಣವಾಗಿ ಮಾಗುವವರೆಗೆ ತಿಂಗಳುಗಟ್ಟಲೆ ಕಾಯುವುದು, ಅನಂತರ ತಿರುಪನ್ನು ಒಸಡಿನಡಿ ಮುಚ್ಚಿ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ಸುಮಾರು ಆರು ತಿಂಗಳು ಬಿಡುವುದು, ಕಡೆಗೆ ಹಲ್ಲನ್ನು ಜೋಡಿಸುವುದು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವಿಲ್ಫ್ರೀಡ್ ಶುಲ್ಟೆ 1970ರ ದಶಕದಲ್ಲಿ ಪಿಂಗಾಣಿಯಂಥ ವಸ್ತುವಿನ ದಂತಮೂಲವನ್ನು ಕಿತ್ತ ಕುಳಿಯಲ್ಲಿಯೇ ಇಡತೊಡಗಿದರು. 1989ರಲ್ಲಿ ಅಮೆರಿಕದ ರಿಚರ್ಡ್ ಲಜ್ಜಾರ ಟೈಟೇನಿಯಂ ತಿರುಪುಗಳನ್ನು ಹಾಗೆಯೇ ಇಟ್ಟುದನ್ನು ವರದಿ ಮಾಡಿದ ಮೇಲೆ ಈ ಮಾರ್ಗ ವಿಶಾಲವಾಯಿತು.

ಅವಸರಕ್ಕೆ ಕಾರಣವೂ ಇಲ್ಲದಿಲ್ಲ. ಹಲ್ಲು ಹೋದೊಡನೆ ಅದನ್ನು ಹಿಡಿದಿದ್ದ ಮೂಳೆ ಕರಗತೊಡಗುತ್ತದೆ. ಒಂದು ವರ್ಷದಲ್ಲಿ ಆ ಏಣಿನ ಅಗಲ ಅರ್ಧದಷ್ಟು ಇಳಿಯಬಹುದು, ಇಳಿತದ ಮೂರರಲ್ಲಿ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ ಎಂದು 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ ತೋರಿಸಿತು. ಕೂಡಲೇ ತಿರುಪನ್ನಿಟ್ಟರೆ ಈ ಕರಗುವಿಕೆ ನಿಲ್ಲುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. 2005ರಲ್ಲಿ ಅರೌಜೊ ಮತ್ತು ಲಿಂಡೆ ಎಂಬ ಸಂಶೋಧಕರು, ತಿರುಪು ಇದ್ದರೂ ಹೊರಗೋಡೆಯ ಮೂಳೆ ತನ್ನ ಪಾಡಿಗೆ ಕರಗುತ್ತದೆ ಎಂದು ತೋರಿಸಿಕೊಟ್ಟರು. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೂಡಲೇ ಇಟ್ಟವುಗಳಲ್ಲಿ ನೂರಕ್ಕೆ ಸುಮಾರು 95, ಕಾದು ಇಟ್ಟವುಗಳಲ್ಲಿ ನೂರಕ್ಕೆ ಸುಮಾರು 99 ಉಳಿದಿದ್ದವು. ಎರಡೂ ಒಳ್ಳೆಯ ಫಲವೇ. ಆದರೆ ಕೂಡಲೇ ಇಡುವುದೇ ಎಲ್ಲರಿಗೂ ಶ್ರೇಷ್ಠವೆನ್ನುವುದು ಜಾಹೀರಾತಿನ ಮಾತಾಯಿತು. ಮೂಳೆ ಲೋಹಕ್ಕೆ ಬೆಸೆದುಕೊಳ್ಳಲು ತನಗೆ ಬೇಕಾದ ತಿಂಗಳುಗಳನ್ನು ಈಗಲೂ ತೆಗೆದುಕೊಂಡೇ ತೀರುತ್ತದೆ. ಮೂರು ನಾಲ್ಕನೆಯ ವಾರಗಳಲ್ಲಿ ತಿರುಪಿನ ಬಿಗಿ ಸ್ವಲ್ಪ ಸಡಿಲುವುದೂ ಉಂಟು. ಅಂದೇ ಕೂರಿಸಿದ ತಾತ್ಕಾಲಿಕ ಹಲ್ಲಿನಿಂದ ಚಕ್ಕುಲಿ ಕಡಿಯಹೊರಟವರು ವೈದ್ಯರನ್ನು ಎರಡನೆಯ ಬಾರಿ ಕಾಣಬೇಕಾಗುತ್ತದೆ.

ವ್ರತಿಗೆ ಸಂಬಂಧಿಸಿದ ಪ್ರಶ್ನೆ ಹುಟ್ಟುವುದು ತಿರುಪಿನಲ್ಲಿ ಅಲ್ಲ, ತಿರುಪಿನ ಪಕ್ಕದಲ್ಲಿ. ಬೇರಿನ ಕುಳಿ ಅಂಡಾಕಾರದ್ದು, ಲೋಹದ ತಿರುಪು ದುಂಡನೆಯದು. ಮೇಲಿನ ಬಾಚಿಹಲ್ಲುಗಳಲ್ಲಿ ತುಟಿಯ ಕಡೆಯ ಮೂಳೆಗೋಡೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿರುವುದರಿಂದ ತಿರುಪನ್ನು ಅಂಗುಳಿನ ಕಡೆಗೆ ಸರಿಸಿ, ಕುಳಿಯ ತಳದಿಂದ ಮೂರರಿಂದ ಐದು ಮಿಲಿಮೀಟರು ಆಳದ ಹೊಸ ಮೂಳೆಯಲ್ಲಿ ಬಿಗಿಯುತ್ತಾರೆ. ತುಟಿಯ ಕಡೆ ಒಂದು ಸಂದು ಉಳಿಯುತ್ತದೆ. ಅದು ಎರಡು ಮಿಲಿಮೀಟರಿನೊಳಗಿದ್ದರೆ ರಕ್ತ ಹೆಪ್ಪುಗಟ್ಟಿ ತಾನೇ ಮೂಳೆಯಾಗುವುದುಂಟು. ಅದಕ್ಕಿಂತ ಅಗಲವಾಗಿದ್ದರೆ, ಅಥವಾ ಮುಂದಿನ ಹಲ್ಲಾದ್ದರಿಂದ ಒಸಡು ಕುಸಿಯಬಾರದೆಂದಿದ್ದರೆ, ವೈದ್ಯರು ಅಲ್ಲಿ ಮೂಳೆಪುಡಿಯನ್ನು ತುಂಬುತ್ತಾರೆ. ಈ ಪುಡಿ ನಾಲ್ಕು ಮೂಲಗಳಿಂದ ಬರುತ್ತದೆ: ರೋಗಿಯ ದವಡೆಯಿಂದಲೇ ಕೆರೆದದ್ದು, ಮೃತರಾದ ದಾನಿಗಳ ಮೂಳೆಯಿಂದ ಸಿದ್ಧಪಡಿಸಿದ್ದು, ಪ್ರಾಣಿಗಳಿಂದ ತೆಗೆದದ್ದು, ಕಾರ್ಖಾನೆಯಲ್ಲಿ ಖನಿಜ ಲವಣಗಳಿಂದ ತಯಾರಿಸಿದ್ದು. ಪ್ರಪಂಚದಾದ್ಯಂತ ಅತಿ ಹೆಚ್ಚು ಅಭ್ಯಾಸಕ್ಕೆ ಒಳಗಾದ ಪುಡಿಗಳಲ್ಲಿ ಒಂದು ದನದ ಮೂಳೆಯದು. ಅದನ್ನು ಕಾಯಿಸಿ, ತೊಳೆದು, ಅದರೊಳಗಿನ ಸಾವಯವ ಅಂಶವನ್ನೆಲ್ಲ ತೆಗೆದುಹಾಕಿ ಬರಿಯ ಖನಿಜದ ಕಣಗಳನ್ನು ಉಳಿಸಿಕೊಳ್ಳುತ್ತಾರೆ. ಅದರ ಮೇಲೆ ಹೊದಿಸುವ ತೆಳುಪೊರೆಯೂ ಹಲವು ವೇಳೆ ಹಂದಿಯ ಅಥವಾ ದನದ ಕೊಲಾಜೆನ್ನಿನದು.

ಆಹಾರ ಸ್ವೀಕರಿಸುತ್ತಿರುವ ದಿಗಂಬರ ಮುನಿಗಳ ಅಂಜಲಿಯಲ್ಲಿ ಮೂಳೆಯ ಚೂರು ಕಂಡರೆ ಅದು ಅಂತರಾಯ. ಆ ದಿನದ ಆಹಾರ ಅಲ್ಲಿಗೇ ಮುಗಿಯಿತು. ಗೃಹಸ್ಥನು ಮಾಡಬಾರದೆಂದು ಶಾಸ್ತ್ರಕಾರರು ಎಣಿಸಿದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವೂ ಒಂದು; ಆನೆಯ ದಂತವೇ ಮೊದಲಾದ ಪ್ರಾಣ್ಯಂಗಗಳ ವ್ಯಾಪಾರವೆಂದು ಅದರ ಅರ್ಥ. (ಯೂರೋಪಿನ ಶ್ರೀಮಂತರು ಒಂದು ಕಾಲದಲ್ಲಿ ಆನೆಯ ದಂತದಿಂದಲೂ ನೀರಾನೆಯ ಹಲ್ಲಿನಿಂದಲೂ ಕೃತಕ ಹಲ್ಲು ಮಾಡಿಸಿಕೊಳ್ಳುತ್ತಿದ್ದರು.) ಇಂಥ ಪರಂಪರೆಯಲ್ಲಿ ಬೆಳೆದ ಶ್ರಾವಿಕೆಯೊಬ್ಬಳ ದವಡೆಯಲ್ಲಿ ದನದ ಮೂಳೆಯ ಕಣಗಳು ವರ್ಷಾನುಗಟ್ಟಲೆ ಉಳಿದಿರುತ್ತವೆ; ಆಕೆಗೆ ಅದು ಗೊತ್ತೇ ಇಲ್ಲ. ಖನಿಜವಷ್ಟೇ ಉಳಿದಿದೆ, ಮಾಂಸದ ಲೇಶವೂ ಇಲ್ಲ, ತಿನ್ನುವ ವಸ್ತುವೂ ಅಲ್ಲ, ಆದುದರಿಂದ ದೋಷವೇನು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ವಾದವನ್ನು ತೂಗಿ ಒಪ್ಪಬೇಕಾದವರು ಯಾರು? ಔಷಧ ಮಾರುವ ಸಂಸ್ಥೆಯೂ ಅಲ್ಲ, ವೈದ್ಯರೂ ಅಲ್ಲ. ಯಾರ ದವಡೆಯೋ, ಯಾರ ವ್ರತವೋ, ಅವರು.

ಕಳೆದುಹೋದುದು ಏನೆಂಬುದು ಇಲ್ಲಿ ಗೋಚರವಾಗುತ್ತದೆ. ಹಳೆಯ ಕ್ರಮದಲ್ಲಿ ಹಲ್ಲು ಕೀಳುವುದಕ್ಕೂ ತಿರುಪು ಇಡುವುದಕ್ಕೂ ನಡುವೆ ತಿಂಗಳುಗಳ ಬಿಡುವಿತ್ತು. ಆ ಬಿಡುವಿನಲ್ಲಿ ಮನೆಯವರೊಡನೆ ಮಾತಾಡಬಹುದಾಗಿತ್ತು, ಬಸದಿಯಲ್ಲಿ ತ್ಯಾಗಿಗಳನ್ನು ಕೇಳಬಹುದಾಗಿತ್ತು, ವೈದ್ಯರ ಬಳಿಗೆ ಹಿಂದಿರುಗಿ ಬೇರೆ ವಸ್ತು ಇದೆಯೇ ಎಂದು ವಿಚಾರಿಸಬಹುದಾಗಿತ್ತು. ಹೊಸ ಕ್ರಮದಲ್ಲಿ ಸಂದು ಎಷ್ಟು ಅಗಲವೆಂಬುದು ಖಚಿತವಾಗಿ ತಿಳಿಯುವುದು ಹಲ್ಲು ಹೊರಬಂದ ಮೇಲೆ, ತಿರುಪು ಕುಳಿತ ಮೇಲೆ. ಆಗ ರೋಗಿಯ ಬಾಯಿ ತೆರೆದಿದೆ, ನಾಲಗೆ ಮರಗಟ್ಟಿದೆ, ಮುಖದ ಮೇಲೆ ಹಸಿರು ಬಟ್ಟೆ. ವೈದ್ಯರು ಕೈ ಚಾಚುತ್ತಾರೆ, ಸಹಾಯಕಿ ಸೀಸೆಯನ್ನು ಒಡೆಯುತ್ತಾಳೆ. ಅರ್ಧ ನಿಮಿಷದ ಕೆಲಸ. ಅದರಲ್ಲಿ ವಂಚನೆಯ ಉದ್ದೇಶ ಯಾರಿಗೂ ಇಲ್ಲ. ಕೇಳುವುದಕ್ಕೆ ಸಮಯವೇ ಇಲ್ಲದಂತೆ ಕ್ರಮವೇ ರೂಪುಗೊಂಡಿದೆ.

ಕರ್ಮಾಸ್ರವದ ತಾರತಮ್ಯವನ್ನು ಹೇಳುವಾಗ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಭಾವದ ತೀವ್ರತೆ ಮಂದತೆಗಳ ಜೊತೆಗೆ ತಿಳಿದು ಮಾಡಿದುದು, ತಿಳಿಯದೆ ಮಾಡಿದುದು ಎಂಬ ಭೇದವನ್ನೂ ಎಣಿಸುತ್ತದೆ. ಹಾಗಾದರೆ ತಿಳಿಯದಿರುವುದೇ ಕ್ಷೇಮವಲ್ಲವೆ, ಕೇಳಿ ತಿಳಿದು ದೋಷವನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು ಎಂಬ ಜಾಣತನದ ಮಾತು ಕೇಳಿಬರುವುದುಂಟು. ತಿಳಿಯಲು ಅವಕಾಶವಿಲ್ಲದ್ದು ಅಜ್ಞಾನ. ತಿಳಿದರೆ ತೊಂದರೆಯಾದೀತೆಂದು ಕಣ್ಣು ಮುಚ್ಚಿಕೊಂಡದ್ದಕ್ಕೆ ಬೇರೆ ಹೆಸರು ಬೇಕು; ಅದನ್ನು ಪ್ರಮಾದವೆಂದರೆ ತಪ್ಪಾಗಲಾರದು. ನಾಳೆ ಹಲ್ಲು ಕೀಳಿಸಿಕೊಳ್ಳುವವರಿಗೆ ಇಂದು ಕೇಳುವ ಅವಕಾಶ ಇದ್ದೇ ಇದೆ.

ಬಸವೇಶ್ವರನಗರದ ವಯೋವೃದ್ಧೆಯೊಬ್ಬರು ಮೊಮ್ಮಗನೊಡನೆ ಚಿಕಿತ್ಸಾಲಯಕ್ಕೆ ಹೋದರೆಂದಿಟ್ಟುಕೊಳ್ಳಬಹುದು. “ಅಮ್ಮಾ, ಇವತ್ತೇ ಕಿತ್ತು ಇವತ್ತೇ ಹಾಕಿಬಿಡೋಣ, ಎರಡು ಸಲ ನೋವು ಬೇಡ” ಎಂದು ವೈದ್ಯರು ಸಮಾಧಾನವಾಗಿ ಹೇಳುತ್ತಾರೆ. “ಹಾಕೋದು ಯಾತರದ್ದು, ಡಾಕ್ಟ್ರೇ?” ಎಂದು ಆಕೆ ಕೇಳಿದರೆ “ಟೈಟೇನಿಯಂ” ಎಂಬ ಉತ್ತರ ಬರುತ್ತದೆ. ಉತ್ತರ ಸತ್ಯ, ಆದರೆ ಆಕೆ ಕೇಳಬೇಕಾಗಿದ್ದ ಪ್ರಶ್ನೆಗೆ ಅದು ಉತ್ತರವಲ್ಲ. “ಅದರ ಪಕ್ಕದಲ್ಲಿ ಪುಡಿ ಏನಾದರೂ ತುಂಬುತ್ತೀರಾ? ಅದು ಯಾವುದರಿಂದ ಮಾಡಿದ್ದು? ಹೊಲಿಗೆ ಯಾವುದರದು?” ಎಂದು ಕೇಳಿದರೆ ಬಹುಮಂದಿ ವೈದ್ಯರು ಬೇಸರಪಡುವುದಿಲ್ಲ. ಕೃತಕ ಖನಿಜದ ಪುಡಿ ದೊರೆಯುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟು, ಹೈಡ್ರಾಕ್ಸಿ ಅಪಟೈಟು, ಜೈವಿಕ ಗಾಜು ಎಂಬ ಹೆಸರುಗಳಲ್ಲಿ ಅದು ಇದೆ. ಕೊಲಾಜೆನ್ ಬೇಡವೆಂದರೆ ಕೃತಕ ಪೊರೆಯೂ ಉಂಟು. ರೋಗಿಯ ತೋಳಿನಿಂದಲೇ ಸ್ವಲ್ಪ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ದೊರೆಯುವ ನಾರಿನಂಥ ಪದಾರ್ಥವನ್ನು ಕುಳಿಯಲ್ಲಿಡುವ ವಿಧಾನ 2001ರಿಂದ ಫ್ರಾನ್ಸಿನಲ್ಲಿ ಆರಂಭವಾಗಿ ಇಲ್ಲಿಯೂ ಬಳಕೆಯಲ್ಲಿದೆ. ಅದು ಮೂಳೆಪುಡಿಗೆ ಎಲ್ಲ ಸಂದರ್ಭದಲ್ಲೂ ಬದಲಿಯಾಗದು, ಮಾಗುವುದಕ್ಕೆ ನೆರವಾಗುತ್ತದೆ. ಯಾವುದೂ ಹೊಂದದಿದ್ದರೆ ಕಾಯುವ ಹಳೆಯ ದಾರಿ ಮುಚ್ಚಿಲ್ಲ. ನಾಲ್ಕರಿಂದ ಎಂಟು ವಾರ ಬಿಟ್ಟು ಒಸಡು ಕೂಡಿದ ಮೇಲೆ ಇಡುವುದು ಇಂದಿಗೂ ಗೌರವದ ಕ್ರಮವೇ. ಬೇರಿನ ಸುತ್ತ ಕೀವು ತುಂಬಿದ್ದರೆ, ಮುಂಗೋಡೆ ಒಡೆದಿದ್ದರೆ ವಿವೇಕಿಗಳಾದ ವೈದ್ಯರು ತಾವಾಗಿಯೇ ಅದನ್ನು ಸೂಚಿಸುತ್ತಾರೆ.

ಹೊಲಿಗೆಯ ಮಾತು ಬಂದುದರಿಂದ ಅದನ್ನೂ ಹೇಳಬೇಕು. ಬಾಯಿಯೊಳಗಿನ ಹೊಲಿಗೆಗೆ ನಮ್ಮ ದೇಶದಲ್ಲಿ ಬಹಳವಾಗಿ ಬಳಸುವುದು ಕಪ್ಪು ರೇಷ್ಮೆಯ ದಾರ. ರೇಷ್ಮೆ ಹೇಗೆ ಬರುತ್ತದೆಂಬುದನ್ನು ಕೆಂಗೇರಿಯವರಿಗೆ ವಿವರಿಸಬೇಕಾಗಿಲ್ಲ. ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಗೂಡಿನ ಮಾರುಕಟ್ಟೆ. ಬಸದಿಗೆ ರೇಷ್ಮೆಯುಟ್ಟು ಬರುವುದಿಲ್ಲವೆಂಬ ನಿಯಮ ಹಿಡಿದ ಶ್ರಾವಿಕೆಯರು ಹತ್ತು ದಿನ ಬಾಯಲ್ಲಿ ರೇಷ್ಮೆಯ ಎಳೆಯನ್ನಿಟ್ಟುಕೊಂಡಿರುತ್ತಾರೆ. ನೈಲಾನಿನ ದಾರ ಕೇಳಿದರೆ ಸಿಗುತ್ತದೆ. ರಕ್ತ ನಿಲ್ಲಿಸಲು ಕುಳಿಯಲ್ಲಿಡುವ ಸ್ಪಂಜು ಬಹುಮಟ್ಟಿಗೆ ಜಿಲೆಟಿನ್ನಿನದು. ಆಂಟಿಬಯಾಟಿಕ್ ಕ್ಯಾಪ್ಸೂಲಿನ ಚಿಪ್ಪೂ ಸಾಮಾನ್ಯವಾಗಿ ಅದರದೇ. ಜಿಲೆಟಿನ್ ಎಂದರೆ ಪ್ರಾಣಿಗಳ ಮೂಳೆ ತೊಗಲುಗಳ ಸಾರ. ಅದೇ ಔಷಧ ಮಾತ್ರೆಯ ರೂಪದಲ್ಲಿ ಸಿಗುವುದೇ ಎಂದು ವೈದ್ಯರನ್ನು ಕೇಳಬಹುದು.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಈ ವಿದ್ಯೆಯೇ ಹಿಂಸೆಯ ಋಣದಿಂದ ಮುಕ್ತವಲ್ಲ. ಬ್ರೋನೆಮಾರ್ಕರಿಗೆ ಮೊಲಗಳು ಕಲಿಸಿದವು. 2005ರ ಆ ಪ್ರಯೋಗ ನಡೆದುದು ನಾಯಿಗಳ ದವಡೆಗಳಲ್ಲಿ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ಬಾಗಿಲುಗಳಲ್ಲಿ ರೋಗಿಯು ನಿಂತಿರುವುದು ಮೂರನೆಯದರ ಹೊಸ್ತಿಲಿನಲ್ಲೇ ಎನ್ನಬಹುದೇ? ನಡೆದುಹೋದ ಪ್ರಯೋಗದ ಫಲವನ್ನು ಬಳಸುವುದು ಅದನ್ನು ಮೆಚ್ಚಿದಂತೆ ಆಗಲಾರದು. ಆದರೆ “ನಮ್ಮದು ಪೂರ್ಣ ಅಹಿಂಸಾತ್ಮಕ ಚಿಕಿತ್ಸೆ” ಎಂದು ಯಾರಾದರೂ ಫಲಕ ಹಾಕಿದರೆ ಅಲ್ಲಿ ಸತ್ಯವ್ರತಕ್ಕೆ ಭಂಗ ಬರುತ್ತದೆ.

ಹಲ್ಲಿನ ಚಿಂತೆಯೇ ದೇಹಮೋಹವಲ್ಲವೆ ಎಂದು ಕೇಳುವವರೂ ಇದ್ದಾರೆ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನ ಒಂದು. ಅವರು ಹಲ್ಲುಜ್ಜುವುದನ್ನೇ ತ್ಯಜಿಸಿದವರು. ಅಣುವ್ರತಿಯಾದ ಗೃಹಸ್ಥನಿಗೆ ಆ ಅಳತೆಯನ್ನು ಹಿಡಿಯುವುದು ಸಲ್ಲದು. ಹಲ್ಲು ಹೋದವರು ಅಗಿಯಲಾರದೆ ಮೆತ್ತನೆಯದನ್ನೇ ತಿಂದು, ಉಪವಾಸದ ಮರುದಿನದ ಪಾರಣೆಯನ್ನೂ ಅರಗಿಸಿಕೊಳ್ಳಲಾರದೆ ಸೊರಗುವುದನ್ನು ಕಂಡವರು ಈ ಆಕ್ಷೇಪವನ್ನು ಎತ್ತಲಾರರು. ತೆಗೆದು ಹಾಕುವ ಹಲ್ಲಿನ ಸೆಟ್ಟಿನಲ್ಲಿಯೂ ಕೆಲಸ ಸಾಗುತ್ತದೆ, ಖರ್ಚೂ ಕಡಿಮೆ. ಇಂಪ್ಲಾಂಟಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಮಕ್ಕಳು ಕೊಡಿಸುತ್ತೇವೆಂದಾಗ “ನನಗೆ ಸೆಟ್ಟೇ ಸಾಕು” ಎನ್ನುವ ಹಿರಿಯರ ಮಾತಿನಲ್ಲಿ ಅಪರಿಗ್ರಹವೂ ಇರಬಹುದು, ಭಯವೂ ಇರಬಹುದು. ಅದನ್ನು ಹೊರಗಿನವರು ತೀರ್ಮಾನಿಸುವುದು ಬೇಡ.

ಉಪವಾಸದ ವಿಷಯದಲ್ಲಿ ಮಾತ್ರ ಸ್ಪಷ್ಟವಾಗಿ ಹೇಳಬೇಕಾದುದಿದೆ. ಶ್ವೇತಾಂಬರ ಪರಂಪರೆಯ ಪ್ರತ್ಯಾಖ್ಯಾನಗಳಲ್ಲಿ ಆಗಾರಗಳೆಂಬ ವಿನಾಯಿತಿಗಳನ್ನು ಮೊದಲೇ ಹೇಳಿರುತ್ತಾರೆ: ಮರೆತು ಬಾಯಿಗೆ ಹಾಕಿಕೊಂಡದ್ದು, ತಾನಾಗಿ ಬಾಯಿಗೆ ಬಿದ್ದದ್ದು, ತೀವ್ರ ವ್ಯಾಧಿಯಿಂದ ಸಮಾಧಿ ಕೆಡುವಾಗ ತೆಗೆದುಕೊಂಡ ಔಷಧ. ವ್ರತವನ್ನು ರೂಪಿಸಿದವರ ಕರುಣೆ ಅದರಲ್ಲಿದೆ. ನಡುರಾತ್ರಿ ಕೀವುಗಟ್ಟಿ ಕೆನ್ನೆ ಊದಿದವರು ಔಷಧ ತೆಗೆದುಕೊಂಡರೆ ಆ ವಿನಾಯಿತಿ ಅವರಿಗಾಗಿಯೇ ಇದೆ. ಆದರೆ ತಿರುಪು ಇಡಿಸುವುದು ದಿನ ಗೊತ್ತುಮಾಡಿ ಮಾಡಿಸುವ ಕೆಲಸ. ಪರ್ಯೂಷಣದ ಮೂರನೆಯ ದಿನಕ್ಕೋ ದಶಲಕ್ಷಣ ಪರ್ವದ ನಡುವಿಗೋ ದಿನ ಹಿಡಿದು, ಬಳಿಕ ಆಗಾರವನ್ನು ನೆನೆಯುವುದು ವ್ರತದೊಡನೆ ಆಡುವ ಆಟ. ಇನ್ನೂ ಕೆಟ್ಟದ್ದು ಇದರ ವಿಪರ್ಯಾಸ: ತಿರುಪು ಇಡಿಸಿಕೊಂಡು, ವೈದ್ಯರಿಗೆ ಹೇಳದೆ, ಮರುದಿನವೇ ನೀರಿಲ್ಲದ ಉಪವಾಸಕ್ಕೆ ಕೂರುವುದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಬರಿಹೊಟ್ಟೆಯಲ್ಲಿ ಜಠರವನ್ನು ಕೆರಳಿಸುತ್ತವೆ. ಆಂಟಿಬಯಾಟಿಕ್‌ನ ಸರದಿ ತಪ್ಪುತ್ತದೆ. ಒಣಗಿದ ಬಾಯಲ್ಲಿ ಜೊಲ್ಲು ಕಡಿಮೆಯಾಗಿ ಗಾಯ ಶುಚಿಯಾಗಿ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅಪಾಯ ಇಮ್ಮಡಿ. ಹೊಲಿಗೆ ಬಿಚ್ಚುವವರೆಗಾದರೂ, ಅಂದರೆ ಏಳರಿಂದ ಹತ್ತು ದಿನ, ದೀರ್ಘೋಪವಾಸವನ್ನು ದೂರವಿಡುವಂತೆ ದಿನವನ್ನು ಮೊದಲೇ ಆರಿಸಿಕೊಳ್ಳಬೇಕು. ರಾತ್ರಿ ಔಷಧ ಸೇವಿಸದವರು ಅದನ್ನು ವೈದ್ಯರಿಗೆ ತಿಳಿಸಿದರೆ, ಹಗಲಿನಲ್ಲಿಯೇ ಮುಗಿಯುವಂತೆ ದಿನಕ್ಕೆರಡು ಬಾರಿಯ ಔಷಧ ಹೊಂದುವುದೇ ಎಂದು ಅವರು ನೋಡಿಯಾರು.

ಆಹಾರದ ಚೀಟಿಯೂ ಸ್ವಲ್ಪ ತಿದ್ದುಪಡಿ ಬೇಡುತ್ತದೆ. ಮೆತ್ತನೆಯದು, ತಣ್ಣನೆಯದು ಎಂದು ವೈದ್ಯರು ಹೇಳುವಾಗ ಬೇಯಿಸಿ ಹಿಸುಕಿದ ಆಲೂಗಡ್ಡೆ, ಕ್ಯಾರೆಟ್ ಸಾರು, ಐಸ್‌ಕ್ರೀಂ ಎಂಬ ಹೆಸರುಗಳು ತಟ್ಟನೆ ಬರುತ್ತವೆ. ಕಂದಮೂಲ ತ್ಯಜಿಸಿದವರಿಗೆ ಆರಿದ ಅಕ್ಕಿಗಂಜಿ, ಸೋಸಿದ ರಾಗಿ ಅಂಬಲಿ, ನುಣ್ಣಗೆ ಬೆಂದ ಹೆಸರುಬೇಳೆಯ ತೊವ್ವೆ, ಬೇರೆ ಹೊತ್ತಿಗೆ ಮೊಸರನ್ನ ಸಾಕು. ತೊವ್ವೆಗೂ ಮೊಸರಿಗೂ ಬೇರೆ ಹೊತ್ತೇಕೆಂದು ದ್ವಿದಳದ ನಿಯಮ ಬಲ್ಲವರಿಗೆ ಹೇಳಬೇಕಾಗಿಲ್ಲ.

ಇನ್ನು, ಈಗಾಗಲೇ ಇಡಿಸಿಕೊಂಡಾಗಿರುವವರ ಸಂಗತಿ. ವರ್ಷವೊಂದಾದ ಮೇಲೆ ಹಳೆಯ ಬಿಲ್ಲಿನಲ್ಲಿ ಬರೆದಿದ್ದ ಪುಡಿಯ ಹೆಸರನ್ನು ಮೊಮ್ಮಗಳು ಓದಿ, ಅದು ದನದ ಮೂಳೆಯದೆಂದು ಹೇಳಿದಾಗ ಅಜ್ಜಿಗೆ ಆ ರಾತ್ರಿ ನಿದ್ರೆ ಬಾರದಿರುವುದು ಸಹಜ. ಅದನ್ನು ತೆಗೆಸಿಬಿಡಬೇಕೆಂಬುದೇ ಮೊದಲ ಸಂಕಲ್ಪವಾಗಬಹುದು. ಆದರೆ ಆ ಕಣಗಳ ಸುತ್ತ ಆಕೆಯ ಸ್ವಂತ ಮೂಳೆ ಬೆಳೆದು ಹೆಣೆದುಕೊಂಡಿದೆ. ಅವನ್ನು ತೆಗೆಯುವುದೆಂದರೆ ತಿರುಪಿನೊಡನೆ ದವಡೆಯ ಒಂದು ಭಾಗವನ್ನೇ ಕೊರೆಯುವುದು. ಸತ್ತ ಪ್ರಾಣಿಗೆ ಅದರಿಂದ ಏನೂ ಹಿಂದಿರುಗುವುದಿಲ್ಲ, ಬದುಕಿರುವ ದೇಹಕ್ಕೆ ಹೊಸ ಗಾಯವಾಗುತ್ತದೆ. ತಿಳಿಯದೆ ಆದುದಕ್ಕೆ ಆಲೋಚನೆ ಪ್ರತಿಕ್ರಮಣಗಳ ದಾರಿ ಇದೆ; ಗುರುಗಳ ಮುಂದೆ ಇದ್ದುದನ್ನು ಇದ್ದಂತೆ ನಿವೇದಿಸಿ, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ನಡೆಸಬಹುದು. ಮುಂದಿನ ಹಲ್ಲಿನ ಸರದಿ ಬಂದಾಗ ಯಾವ ಪುಡಿ ಬೇಡವೆಂಬುದನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಬಹುದು. ಮರುದಿನ ಪಾರಣೆಗೆ ಕುಳಿತಾಗ ಆ ಬದಿಯ ಹಲ್ಲಿನಿಂದ ಅಗಿಯಬಹುದೇ ಎಂದು ಆಕೆ ಕೇಳಿದರೆ, ಅಗಿಯಬಹುದು.